ತೂಗಿ ಬರೆದ ಲೋಕಸಭೆ

ಮುಳ್ಳಗಟ್ಟಿಯಲ್ಲಿ ಲೋಕಸಭೆಯ ಸುದ್ದಿಯನ್ನು ತೂಗಿ ಬರೆಯುತ್ತಾರೆ. ಮಾತಿನ ಸೊಗಸಿಗೆ ಹೇಳುತ್ತಿಲ್ಲ. ಕಾಟಾದ ಮೇಲಿಟ್ಟು, ಗ್ರಾಂ ನೋಡಿ, ನಾಲ್ಕು ಮಂದಿಯ ಕಣ್ಣೆದುರು ತೂಗಿ ಬರೆಯುತ್ತಾರೆ.

ಗಡಿಯಾಚೆಯ ಮಾಡಗ್ಯಾಳದಿಂದ ಸನಮಡಿ ಕಡೆ ಹೊರಟ ವಡಾಪ, ಅಂದರೆ ಸೀಟು ಬಾಡಿಗೆಯ ಜೀಪು, ಹತ್ತು ಮಂದಿಯ ಜಾಗದಲ್ಲಿ ಹದಿನೆಂಟು ಮಂದಿಯನ್ನು ತುರುಕಿಕೊಂಡು ಬಂದು ಎಲ್ಲಿ ಉಸಿರು ಬಿಡುತ್ತದೋ ಅಲ್ಲಿ ಮುಳ್ಳಗಟ್ಟಿಯ ಚಾವಡಿ. ಚಾವಡಿಯ ಮೂಡಲ ಗೋಡೆಗೆ ಬಳಿದ ಕರಿಬಣ್ಣವೇ ಊರಿನ ಹಲಗೆ, ಊರವರ ಬಾಯಲ್ಲಿ ‘ಫಳಾ’. ಅದನ್ನು ಬರೆಯುವವಳು ದಾಕ್ಷಾಯಣಿ, ಊರಿಗೆಲ್ಲ ‘ಅಕ್ಕೋರು’. ಕನ್ನಡ ಸಾಲಿಯಲ್ಲಿ ಮೂವತ್ತೆರಡು ವರ್ಷ ನಾಗರಿಕಶಾಸ್ತ್ರ ಕಲಿಸಿ, ನಿವೃತ್ತಿಯ ದಿನ ಶಾಲು, ತೆಂಗಿನಕಾಯಿ, ಗೋಡೆಗಡಿಯಾರ ಇಸಿದುಕೊಂಡು ಮನೆಗೆ ಬಂದಳು. ಮರುದಿನ ಆ ಗಡಿಯಾರವನ್ನೇ ನೋಡುತ್ತ ಕೂತಳು. ಹತ್ತೂವರೆ ಹೊಡೆಯುವುದರೊಳಗೆ ತಲೆ ಕೆಟ್ಟು ಎದ್ದು ಪಂಚಾಯತಿಗೆ ಹೋದಳು.

“ಪುಸ್ತಕದಾಗಿನ ಲೋಕಸಭಾ ಈ ಊರಿಗೆಲ್ಲಾ ಕಲಿಸೇನಿ. ಖರೇ ಲೋಕಸಭಾ ದಿನಾ ಏನ ಮಾಡತೈತಿ ಅಂತ ಒಬ್ಬರಿಗೂ ಹೇಳಿಲ್ಲ. ನನಗೊಂದು ಗ್ವಾಡಿ ಕೊಡ್ರಿ,” ಎಂದಳು.

ಗೋಡೆ ಸಿಕ್ಕಿತು. ಅದರ ಜೊತೆಗೆ ಒಂದು ಕರಾರೂ ಸಿಕ್ಕಿತು: ಫಳಾದ ಮೇಲೆ ಒಂದೇ ಒಂದು ಸಾಲು ಸುಳ್ಳೆಂದು ತೀರ್ಮಾನವಾದರೂ ಗೋಡೆ ವಾಪಸು. ದಾಕ್ಷಾಯಣಿ ಕಣ್ಣು ಪಿಳುಕಿಸದೆ ಸಹಿ ಹಾಕಿದಳು.

ಅಧಿವೇಶನ ಇದ್ದಷ್ಟು ದಿನ, ಲೋಕಸಭೆ ನಿನ್ನೆ ಮಾಡಿದ್ದನ್ನು ಇವತ್ತು ಮುಂಜಾನೆ ಬರೆಯುವುದು. ಎಡಗಡೆ ಸರಕಾರದವರು ಏನಂದರು, ಬಲಗಡೆ ವಿರೋಧದವರು ಏನಂದರು. ಮೇಲೆ ಹಳದಿ ಖಡುವಿನ, ಅಂದರೆ ಸೀಮೆಸುಣ್ಣದ, ಒಂದು ಪಟ್ಟಿ: ಸಭೆ ಎಷ್ಟು ತಾಸು ನಡೆಯಿತು, ಎಷ್ಟು ಮಂದಿ ಕೂತಿದ್ದರು, ಏನು ಪಾಸಾಯಿತು. ವಾಟ್ಸಪ್ಪಿನಲ್ಲಿ ಹರಿದಾಡಿದ್ದನ್ನು ಅವಳು ಮುಟ್ಟುತ್ತಿರಲಿಲ್ಲ. ಟಿ.ವಿ.ಯಲ್ಲಿ ಸಭೆ ನೋಡಬೇಕು, ಸಭೆಯ ಬರಹದ ದಾಖಲೆ ಓದಬೇಕು, ಎರಡೂ ತಾಳೆಯಾದರೆ ಖಡು ಹಿಡಿಯಬೇಕು. ಚಾವಡಿಯ ಕಟ್ಟೆ ಹತ್ತುವ ಮುಂಚೆ ಚಪ್ಪಲಿ ಬಿಟ್ಟ ಜಾಗದಲ್ಲೇ ತನ್ನ ಅಭಿಪ್ರಾಯವನ್ನೂ ಬಿಟ್ಟು ಹೋಗುತ್ತಿದ್ದಳು. ಇಳಿಯುವಾಗ ಎರಡನ್ನೂ ಮೆಟ್ಟಿಕೊಂಡು ಮನೆಗೆ ಬಂದು, ರೊಟ್ಟಿ ಬಡಿಯುತ್ತ ಎರಡೂ ಪಕ್ಷಗಳನ್ನು ಒಂದೇ ಹದದಲ್ಲಿ ಬಡಿಯುತ್ತಿದ್ದಳು. ಕಲ್ಲಿನ ಮೇಲೆ ಹಿಟ್ಟಷ್ಟೇ ಅಲ್ಲ, ಐನೂರ ನಲವತ್ತಮೂರು ಕ್ಷೇತ್ರಗಳೂ ತಟ್ಟಿಸಿಕೊಳ್ಳುತ್ತಿದ್ದವು.

ತೂಗುವ ಪದ್ಧತಿ ಬಂದದ್ದು ಎರಡನೆಯ ವರ್ಷ. ಕಿರಾಣಿ ಅಂಗಡಿಯ ಶಿವಯೋಗೆಪ್ಪ ಸಾವಕಾರ ಸರಕಾರದ ಪಕ್ಷದವನು. ದಾಳಿಂಬೆ ತೋಟದ ಅಪ್ಪಾಸಾಹೇಬ ವಿರೋಧ ಪಕ್ಷದವನು, ದಾಕ್ಷಾಯಣಿಯ ಕೈಯಲ್ಲೇ ಕಲಿತವನು. ಇಬ್ಬರದೂ ದಿನಾ ಒಂದೇ ತಕರಾರು: ಅವರಿಗೆ ಹೆಚ್ಚು ಬರದೀರಿ, ನಮಗ ಕಮ್ಮಿ. ಸಾಲು ಎಣಿಸಿದರು, ಅಕ್ಷರ ದಪ್ಪ ಸಣ್ಣ ಎಂದು ಜಗಳವಾಯಿತು. ಅಕ್ಷರ ಎಣಿಸಿದರು, ಒತ್ತಕ್ಷರ ಒಂದೋ ಎರಡೋ ಎಂದು ಅಂಗಿ ಹರಿಯುವವರೆಗೆ ಹೋಯಿತು. ಸರಪಂಚ ವಿದ್ಯಾವತಿ ಬೇಸತ್ತು, “ಹಂಗಾರ ಖಡೂನs ತೂಗ್ರಿ! ಯಾರ ಸಲವಾಗಿ ಎಷ್ಟ ಸವದೈತಿ ಅಂತ ಕಾಟಾ ಹೇಳತೈತಿ,” ಎಂದು ಅಣಕಕ್ಕೆ ಅಂದಳು. ಸಿಟ್ಟಿನಲ್ಲಿದ್ದವರಿಗೆ ಅಣಕ ತಿಳಿಯಲಿಲ್ಲ. ಇಬ್ಬರೂ ಒಮ್ಮೆಲೇ “ಹೌದಲ್ಲ!” ಎಂದರು. ಗ್ರಾಮಸೇವಕ ಬರೆದುಕೊಂಡುಬಿಟ್ಟ. ಠರಾವಾಯಿತು.

ಅಂದಿನಿಂದ ಕಡೆಗೊಂದರಂತೆ ಒಂದೇ ಡಬ್ಬಿಯ ಎರಡು ಬಿಳಿ ಖಡು. ಶಿವಯೋಗೆಪ್ಪ ಯಾಲಕ್ಕಿ ತೂಗುವ ಸಣ್ಣ ಕಾಟಾ ತರುವುದು, ಬರೆಯುವ ಮೊದಲು ತೂಗುವುದು, ಬರೆದ ಮೇಲೆ ತೂಗುವುದು. ಸವೆದದ್ದರಲ್ಲಿ ಅರ್ಧ ಗ್ರಾಮಿನ ಮೇಲೆ ಫರಕು ಬಿದ್ದರೆ, ಕಮ್ಮಿ ಸವೆದ ಖಡುವನ್ನು ಆ ಕಡೆಗೆ ತೀಡಿ ಸರಿದೂಗಿಸಬೇಕು. ಆಡದ ಮಾತನ್ನು ಬರೆಯುವ ಹಾಗಿಲ್ಲವಲ್ಲ, ಆದ್ದರಿಂದ ದಾಕ್ಷಾಯಣಿ ಚಿತ್ರ ಬಿಡಿಸುತ್ತಿದ್ದಳು. ವಿರೋಧದವರು ಘೋಷಣೆ ಕೂಗಿ ಹೊರಗೆ ಹೋದ ದಿನ ಅವರ ಕಡೆಗೆ ಬಳ್ಳಿ, ಎಲೆ, ಎರಡು ಗಿಳಿ. ಮಂತ್ರಿಗಳು ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂದಷ್ಟೇ ಹೇಳಿ ಕೂತ ದಿನ ಸರಕಾರದ ಕಡೆಗೆ ಗರಿ ಬಿಚ್ಚಿದ ಇಡೀ ನವಿಲು. ಕರಜಗಿಯಿಂದ ಬಂದ ಬೀಗರೊಬ್ಬರು ನಿಂತು ನೋಡಿ, “ನಿಮ್ಮ ಊರಾಗ ರಂಗೋಲಿ ಸ್ಪರ್ಧಾ ಇಟ್ಟಾರೇನ್ರಿ?” ಎಂದು ಕೇಳಿದರು.

“ಇಲ್ರಿ,” ಎಂದ ಶಿವಯೋಗೆಪ್ಪ, “ಇದು ಮಂತ್ರಿಗಳ ಉತ್ತರ.”

ಹೀಗೆ ನಡೆದಿತ್ತು. ಆಮೇಲೆ ಆ ಶುಕ್ರವಾರ ಬಂತು.

ಶುಕ್ರವಾರ ಮಧ್ಯಾಹ್ನ ಲೋಕಸಭೆಯಲ್ಲಿ ಮಂತ್ರಿಗಳಲ್ಲದ ಸದಸ್ಯರು ತಂದ ವಿಷಯಗಳ ಪಾಳಿ. ಅಂದು ಬಂದದ್ದು ಕುರಿಗಾರರ ವಿಷಯ: ಕುರಿ ಹಿಂಡು ಮೇಯುತ್ತ ಹೋಗುವ ಹಳೆಯ ದಾರಿಗಳಿಗೆ ಬೇಲಿ ಬೀಳಬಾರದು ಎಂದು. ದಾಕ್ಷಾಯಣಿ ಬೀರುವಿಗೆ ಹೇಳಿ ಕಳಿಸಿದಳು. ಬೀರುವಿಗೆ ನೂರಾ ನಲವತ್ತು ಕುರಿ, ಎಲ್ಲಾ ಮಾಡಗ್ಯಾಳ ತಳಿ, ಗಿಳಿಮೂಗಿನವು. ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದು ಚಾವಡಿಯ ಟಿ.ವಿ. ಮುಂದೆ, ನೆಂಟರ ಮದುವೆ ನೋಡಲು ಬಂದವನ ಹಾಗೆ, ಸೆಟೆದು ಕೂತ.

“ನಮ್ಮ ಸುದ್ದಿ ಅಲ್ಲೀತನಾ ಹೋತೇನ್ರಿ ಅಕ್ಕೋರ?”

“ಹೋತಪ್ಪ. ನೋಡೀಗ.”

ನೋಡಿದರೆ ಸಭೆ ಬೋಳುಬೋಳು. ಒಬ್ಬ ಸದಸ್ಯ ಎದ್ದು ನಿಂತು ಹುಲ್ಲಿನ ಬಗ್ಗೆ, ದಾರಿಯ ಬಗ್ಗೆ, ಉಣ್ಣೆಯ ಬಗ್ಗೆ ಕಳಕಳಿಯಿಂದ ಮಾತಾಡುತ್ತಿದ್ದ, ಹಸಿರು ಆಸನಗಳು ಕೇಳಿಸಿಕೊಳ್ಳುತ್ತಿದ್ದವು. ಕ್ಯಾಮೆರಾ ಒಂದು ಸಲ ಸಾಲಿನಿಂದ ಸಾಲಿಗೆ ಸರಸರ ಹಾದುಹೋಯಿತು.

“ಬೀರೂ, ಎಷ್ಟ ಮಂದಿ ಅದಾರೋ?”

“ನಲವತ್ತೇಳ್ರಿ,” ಎಂದ ಬೀರು, ಕಣ್ಣು ಮಿಟುಕಿಸದೆ.

ಬೀರುವಿನ ಎಣಿಕೆಯನ್ನು ಆ ಸೀಮೆಯಲ್ಲಿ ಯಾರೂ ಎರಡನೆಯ ಸಲ ಎಣಿಸುವುದಿಲ್ಲ. ದಡ್ಡಿಯ ಬಾಗಿಲಲ್ಲಿ ಹಿಂಡು ಓಡೋಡಿ ನುಗ್ಗುವಾಗ ಜೋಡಿ ಜೋಡಿಯಾಗಿ ಎಣಿಸಿ ಮುಗಿಸುತ್ತಾನೆ. ಮೂವತ್ತು ವರ್ಷದಲ್ಲಿ ಒಂದು ಮರಿಯೂ ತಪ್ಪಿಲ್ಲ. ಬಕ್ರೀದಿಗೆ ಮುಂಚೆ ಸಂತೆಗೆ ಬಂದ ವ್ಯಾಪಾರಿಗಳು ತಮ್ಮ ಲೆಕ್ಕ ಬಿಟ್ಟು ಇವನನ್ನು ಕೇಳುತ್ತಾರೆ.

ನಲವತ್ತೇಳು! ಸಭೆ ನಡೆಯಲು ಕಡಿಮೆಯೆಂದರೂ ಹತ್ತರಲ್ಲೊಂದು ಪಾಲು ಮಂದಿ ಬೇಕು, ಅಂದರೆ ಐವತ್ತೈದು. ಅದಕ್ಕೆ ಕೋರಂ ಅನ್ನುತ್ತಾರೆ, ಮೂವತ್ತೆರಡು ವರ್ಷ ಇದೇ ಐವತ್ತೈದನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದಾಳೆ. ದಾಕ್ಷಾಯಣಿಗೆ ಸಿಟ್ಟು ಬಂತು. ಮತ ಕೇಳುವಾಗ ಕುರಿ ದಡ್ಡಿಯ ಹಿಕ್ಕೆ ತುಳಿದು ಬರುತ್ತಾರೆ, ಕುರಿಮರಿ ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಅದೇ ಕುರಿಯ ಮಾತು ದಿಲ್ಲಿ ಮುಟ್ಟಿದ ದಿನ ಐವತ್ತೈದು ಮಂದಿಗೆ ಕೂರಲು ಬಿಡುವಿಲ್ಲ! ಬರಹದ ದಾಖಲೆಯಲ್ಲಿ ಎಷ್ಟು ಮಂದಿ ಕೂತಿದ್ದರೆಂಬುದು ಬರುವುದಿಲ್ಲ, ಬೇರೆ ದಿನ ಆ ಅಂಕಿಯನ್ನು ಅವಳು ತಾನೇ ಎರಡು ಸಲ ಎಣಿಸಿ ತಾಳೆ ನೋಡುತ್ತಿದ್ದಳು. ಆ ನೇಮವನ್ನು ಅವಳು ಆ ಒಂದು ದಿನ ಬಿಟ್ಟಳು. ಶನಿವಾರ ಮುಂಜಾನೆ ಚಪ್ಪಲಿ ಮೆಟ್ಟಿಕೊಂಡೇ ಕಟ್ಟೆ ಹತ್ತಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಹಳದಿ ಪಟ್ಟಿಯಲ್ಲಿ ಬರೆದಳು:

‘ಸಭೆಯಲ್ಲಿದ್ದವರು 47. ಕೋರಂಗೆ ಬೇಕಾದವರು 55.’

ಅಪ್ಪಾಸಾಹೇಬ ಓದಿ ಕುಣಿದಾಡಿದ. ಫೋಟೋ ತೆಗೆದು ಹನ್ನೊಂದು ಗುಂಪುಗಳಿಗೆ ಕಳಿಸಿದ: ‘ನೋಡಿರಿ ಇವರ ಆಡಳಿತ!’ ಶಿವಯೋಗೆಪ್ಪ ಓದಿದವನು ಅಂಗಡಿಗೆ ಹೋಗಿ, ಅರ್ಜಿ ಬರೆದು, ಮುದ್ದಾಂ ಮೂರು ಪ್ರತಿ ಮಾಡಿಸಿ ತಂದ.

“ಕೋರಂ ಇಲ್ಲದ ಸಭಾ ಯಾರರ ನಡಸ್ತಾರೇನ್ರಿ ಅಕ್ಕೋರ? ಇದು ಸುಳ್ಳ. ಶುದ್ಧ ಸುಳ್ಳ. ಬುಧವಾರ ಗ್ರಾಮಸಭಾ ಐತಿ, ಅಲ್ಲೇ ಇತ್ಯರ್ಥ ಆಗಲಿ. ಸುಳ್ಳಾತಂದ್ರ ಗ್ವಾಡಿ ಬಿಡಬೇಕು.”

“ಬಿಟ್ಟ ಗ್ವಾಡಿ ಮ್ಯಾಲ ಏನ ಬರಸ್ತೀರಿ ಸಾವಕಾರ್ರ?”

ಶಿವಯೋಗೆಪ್ಪ ಹೊಸ ಚಹಾಪುಡಿಯೊಂದರ ಏಜೆನ್ಸಿ ಹಿಡಿದು ಎರಡು ತಿಂಗಳಾಗಿತ್ತು. ಅವನು ಗೋಡೆಯನ್ನು ಅಳತೆಗಣ್ಣಿನಿಂದ ನೋಡಿ, “ಅದು ಆಮ್ಯಾಲಿನ ಮಾತ್ರಿ,” ಎಂದ.

ದಾಕ್ಷಾಯಣಿಗೆ ಆ ಹಗಲು ರೊಟ್ಟಿ ಸೇರಲಿಲ್ಲ. ಗೋಡೆ ಹೋದರೆ ತನಗೆ ಉಳಿಯುವುದು ಆ ಗಡಿಯಾರವೊಂದೇ. ಅದು ಟಿಕ್ ಟಿಕ್ ಎನ್ನುವುದು ಬಿಟ್ಟರೆ ಇನ್ನೇನೂ ಹೇಳುವುದಿಲ್ಲ. ಭಾನುವಾರ ಮುಂಜಾನೆ ಫೋನು ಹಿಡಿದು ಬೀರುವಿನ ದಡ್ಡಿಗೆ ನಡೆದಳು.

ಬೀರು ದಡ್ಡಿಯ ಮುಳ್ಳು ಸರಿಸುತ್ತಿದ್ದ. ಅವನ ಹೆಂಡತಿ ಇಂದೂಬಾಯಿ ಸಣ್ಣ ಮರಿಯೊಂದರ ಬಾಯಿಗೆ ಔಷಧ ಹಿಂಡುತ್ತಿದ್ದಳು. ದಾಕ್ಷಾಯಣಿ ಕಲ್ಲಿನ ಮೇಲೆ ಕೂತು, ಶುಕ್ರವಾರದ ಸಭೆಯ ಅದೇ ತುಣುಕನ್ನು ಹುಡುಕಿ ಹಚ್ಚಿದಳು.

“ಮತ್ತೊಮ್ಮಿ ಎಣಸಪ್ಪ.”

ಕ್ಯಾಮೆರಾ ಹಾದುಹೋಯಿತು. “ನಲವತ್ತೇಳ್ರಿ.”

ಈ ಸಲ ಅವಳು ಚಿತ್ರ ನಿಲ್ಲಿಸಿ, ಕನ್ನಡಕ ಏರಿಸಿ, ಸೆರಗಿನ ಪಿನ್ನು ತೆಗೆದು ಒಂದೊಂದೇ ತಲೆಯ ಮೇಲೆ ತೋರಿಸುತ್ತ ಎಣಿಸಿದಳು. ಅರವತ್ತೊಂದು. ಮತ್ತೆ ಎಣಿಸಿದಳು. ಅರವತ್ತೊಂದು.

“ಬೀರೂ, ಅರವತ್ತೊಂದು ಮಂದಿ ಅದಾರಲ್ಲೋ!”

“ಇಲ್ರಿ. ನಲವತ್ತೇಳು.”

“ಇವ ಯಾರು ಹಂಗಾರ? ಈ ಮೂಲ್ಯಾಗಿನವ?”

ಬೀರು ಬಗ್ಗಿ ನೋಡಿದ. “ಅಂವಾ ಮಲಗ್ಯಾನಲ್ರಿ.”

“ಮಲಗಿದ್ರ?”

“ಮಲಗಿದ್ದನ್ನ ಯಾರ ಎಣಸ್ತಾರ್ರಿ?”

ಇಂದೂಬಾಯಿ ಔಷಧದ ಬಾಟಲಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

“ಅಯ್ಯ ನಮ್ಮವ್ವ! ಅಕ್ಕೋರ, ಇಂವಾ ಕುರಿ ಎಣಿಸಿದಂಗ ಎಣಿಸ್ಯಾನ್ರಿ! ಹಿಂಡು ಎದ್ದು ನಿಂತಾಗ ಯಾವುದು ಕುತ್ತಿಗಿ ಚೆಲ್ಲಿ ಬಿದ್ದಿರತೈತಿ, ಅದು ಹಿಂಡಿನ ಲೆಕ್ಕದಾಗ ಬರಂಗಿಲ್ರಿ. ಅದು ಔಷಧದ ಲೆಕ್ಕದಾಗ ಬರತೈತಿ. ನಾಳೆ ನಡ್ಯಾವು ಎಷ್ಟು ಅಂತ ಬೇಕಲ್ರಿ ನಮಗ, ಬಿದ್ದಾವು ಎಷ್ಟು ಅಂತ ತಗೊಂಡು ಏನ ಮಾಡೂದೈತಿ?”

“ನೀವು ಎಷ್ಟ ಮಂದಿ ಅಂತ ಕೇಳಿದ್ರಿ,” ಎಂದ ಬೀರು, ನೊಂದುಕೊಂಡು. “ಎಷ್ಟ ಮಂದಿ ಮಲಗ್ಯಾರ ಅಂತ ಕೇಳಿದ್ರ ಅದೂ ಹೇಳತಿದ್ನಿ. ಹದಿನಾಲ್ಕು.”

ನಲವತ್ತೇಳಕ್ಕೆ ಹದಿನಾಲ್ಕು ಕೂಡಿಸಿದರೆ ಅರವತ್ತೊಂದು. ಬೀರುವಿನ ಲೆಕ್ಕ ಈ ಸಲವೂ ಒಂದು ಮರಿ ತಪ್ಪಿರಲಿಲ್ಲ. ತಪ್ಪಿದ್ದು ದಾಕ್ಷಾಯಣಿ. ಕೋರಂ ಇತ್ತು. ಕೋರಂನ ಒಳಗೆ ಗೊರಕೆಯೂ ಇತ್ತು, ಅದು ಬೇರೆ ಮಾತು.

“ಮಲಗ್ಯಾರ ಅಂತ ಹೆಂಗ ಹೇಳತಿ? ಕೆಳಗ ನೋಡಿ ಏನರ ಓದಾಕ ಹತ್ತಿರಬಹುದು, ವಿಚಾರ ಮಾಡಾಕ ಹತ್ತಿರಬಹುದು.”

“ಕುತ್ತಿಗಿ ನೋಡ್ರಿ, ದವಡಿ ನೋಡ್ರಿ. ಇಕಾ, ಇಂವಾ ವಿಚಾರ ಮಾಡಾಕ ಹತ್ಯಾನ, ಇವನ್ನ ನಾ ಎಣಿಸೇನಿ. ಇಂವಾ ಏನರ ಮೆಲಕಾಡ್ಸಾಕ ಹತ್ಯಾನ, ಇವನ್ನೂ ಎಣಿಸೇನಿ. ಈ ಹದಿನಾಲ್ಕು ಮಂದೀದು ಕುತ್ತಿಗಿ ಹೋಗೇತ್ರಿ.”

ಅವರಲ್ಲಿ ಸರಕಾರದ ಕಡೆ ಎಂಟು, ವಿರೋಧದ ಕಡೆ ಆರು. ದಾಕ್ಷಾಯಣಿ ಚೀಟಿಯ ಮೇಲೆ ಬರೆದುಕೊಂಡಳು.

ದಾರಿಯುದ್ದಕ್ಕೂ ಅವಳ ಒಳಗೆ ಇಬ್ಬರು ಜಗಳವಾಡಿದರು. ಬಾಯಿ ಮುಚ್ಚಿಕೊಂಡು ಕೂತರೆ ಯಾರಿಗೆ ಗೊತ್ತಾಗಬೇಕು? ಬೀರು ನಲವತ್ತೇಳು ಅಂದಿದ್ದಾನೆ, ಬೀರುವಿನ ಮಾತಿಗೆ ಸೀಮೆಯೇ ತಲೆದೂಗುತ್ತದೆ, ಗೋಡೆ ಉಳಿಯುತ್ತದೆ. ಆದರೆ ಸಭೆಯಲ್ಲಿ ಕೋರಂ ಇತ್ತು. ಇದ್ದದ್ದನ್ನು ಇಲ್ಲ ಎಂದು ಬರೆದಿದ್ದಾಳೆ, ಅದೂ ಸಿಟ್ಟಿನಲ್ಲಿ. ಯಾರ ಮೇಲೆ ಸಿಟ್ಟಿದೆಯೋ ಅವರ ಲೆಕ್ಕವನ್ನೇ ಎರಡು ಸಲ ನೋಡಬೇಕಿತ್ತು. ಊರು ಬಂದಾಗ ಜಗಳ ಮುಗಿದಿತ್ತು.

ಸೋಮವಾರ ಮುಂಜಾನೆ ಚಪ್ಪಲಿಯನ್ನು ಮುದ್ದಾಂ ದೂರ ಬಿಟ್ಟು ಕಟ್ಟೆ ಹತ್ತಿ, ಅಲ್ಲಿ ಕೂತಿದ್ದ ಶಿವಯೋಗೆಪ್ಪನಿಗೂ ಅಪ್ಪಾಸಾಹೇಬನಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

“ಸಾವಕಾರ್ರ, ನಿಮ್ಮ ಅರ್ಜಿ ಬರೋಬ್ಬರಿ ಐತಿ. ನನ್ನ ಸಾಲು ತಪ್ಪು. ಕೋರಂ ಇತ್ತು.”

ಶಿವಯೋಗೆಪ್ಪನ ಮುಖ ಅರಳಿತು. “ನೋಡ್ರಿ ಮತ್ತ! ನಾ ಅನ್ನಲಿಲ್ಲೇನು?”

“ಅರವತ್ತೊಂದು ಮಂದಿ ಇದ್ರು. ಅದರಾಗ ಹದಿನಾಲ್ಕು ಮಂದಿ ಕಣ್ಣ ಮುಚ್ಚಿದ್ರು. ಅವರನ್ನ ಬೀರು ಎಣಿಸಿದ್ದಿಲ್ಲ. ನಿಮ್ಮ ಕಡೆಯವರು ಎಂಟು. ಈಗ ತಿದ್ದಿ ಬರೀತೇನಿ.”

ಅರಳಿದ ಮುಖ ಅರ್ಧಕ್ಕೆ ನಿಂತಿತು. ಅಪ್ಪಾಸಾಹೇಬ ಬಿದ್ದು ಬಿದ್ದು ನಕ್ಕ. “ಎಂಟು! ಬರೀರಿ ಅಕ್ಕೋರ, ಹಾಸಿಗಿ ಹಾಸಿ ಬರೀರಿ!”

“ನಿನ್ನ ಕಡೆಯವರು ಆರು,” ಎಂದಳು ದಾಕ್ಷಾಯಣಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಖಡು ತೂಗುವ ಠರಾವಾದಂದಿನಿಂದ ಮೊದಲ ಸಲ ಆ ಎರಡು ಪಕ್ಷಗಳ ನಡುವೆ ಒಮ್ಮತ ಮೂಡಿದ್ದು ಆ ಗಳಿಗೆಯಲ್ಲಿ.

“ಅಕ್ಕೋರ,” ಎಂದ ಶಿವಯೋಗೆಪ್ಪ, ದನಿಗೆ ಬೆಲ್ಲ ಹಾಕಿ, “ನಲವತ್ತೇಳs ಇರಲಿ ಬಿಡ್ರಿ. ಚಲೋ ಅಂಕಿ ಐತಿ. ನಾ ಅರ್ಜಿ ವಾಪಸ್ ತಗೋತೇನಿ.”

“ಮೊನ್ನಿ ಸುಳ್ಳ ಅಂದ್ರಿ?”

“ಇಲ್ಲದವರದು ಒಂಥರಾ ಮಾನ ಇರತೈತ್ರಿ. ಇಲ್ಲದವ ಎಲ್ಲೋ ಮಂದಿ ಕೆಲಸಕ್ಕ ಹೋಗ್ಯಾನ ಅನ್ನಬಹುದು, ಮಳಿಗಿ ಉದ್ಘಾಟನಾ ಅನ್ನಬಹುದು, ಮೈಯಾಗ ಆರಾಮಿಲ್ಲ ಅನ್ನಬಹುದು. ಬಾಯಿ ತಗದು ಮಲಗಿದವಗ ಏನ ಅನ್ನೂದ್ರಿ?”

“ಧ್ಯಾನ ಅಂತ ಬರೀರಿ,” ಎಂದು ಅಪ್ಪಾಸಾಹೇಬ ಸಲಹೆ ಕೊಟ್ಟ. “ನಮ್ಮ ಆರೂ ಮಂದಿ ಧ್ಯಾನಕ್ಕ ಕುಂತಿದ್ರು.”

“ನಿಮ್ಮವರದು ಧ್ಯಾನ, ನಮ್ಮವರದು ನಿದ್ದಿ ಏನೋ?”

“ಅಪ್ಪಾಸಾಹೇಬ! ಅಂಗೈ ಮುಂದ ಮಾಡು!” ಎಂದು ದಾಕ್ಷಾಯಣಿ ಗದರಿದಳು. ನಲವತ್ತೈದು ವರ್ಷದ ಅಪ್ಪಾಸಾಹೇಬ ಅಭ್ಯಾಸಬಲದಿಂದ ಕೈ ಮುಂದೆ ಚಾಚಿ, ನಾಚಿ ಹಿಂದೆ ತೆಗೆದುಕೊಂಡ. “ನಿದ್ದೀನೂ ಬರಿಯಂಗಿಲ್ಲ, ಧ್ಯಾನಾನೂ ಬರಿಯಂಗಿಲ್ಲ. ಕಂಡದ್ದು ಕಣ್ಣ ಮುಚ್ಚಿದ್ದು. ಅಷ್ಟs ಬರೀತೇನಿ. ಖಡು ಕೊಡ್ರಿ.”

“ಖಡು ಖಲಾಸ್ ಆಗ್ಯಾವ್ರಿ,” ಎಂದ ಶಿವಯೋಗೆಪ್ಪ.

ಎದುರಿನ ಅಂಗಡಿಯಲ್ಲಿ, ಅವನ ತಲೆಯ ನೇರಕ್ಕೇ, ಖಡುವಿನ ಆರು ಡಬ್ಬಿ ಒಂದರ ಮೇಲೊಂದು ಕೂತಿದ್ದವು.

“ಅವು?”

“ಅವು ಖಾಲಿ ಡಬ್ಬಿ. ಶೋಭಾಕ್ಕ ಇಟ್ಟೇನಿ.”

ಊರಿಗೆ ಇದ್ದದ್ದು ಅದೊಂದೇ ಅಂಗಡಿ. ದಾಕ್ಷಾಯಣಿ ಇಳಿದು ಮನೆಗೆ ಹೋದಳು. ಇಬ್ಬರೂ ನಿಟ್ಟುಸಿರು ಬಿಟ್ಟು, ಜನ್ಮದಲ್ಲಿ ಮೊದಲ ಸಲ ಒಂದೇ ಬಸಿಯಲ್ಲಿ ಚಹಾ ಹಂಚಿಕೊಂಡರು. ಚಹಾ ಮುಗಿಯುವುದರೊಳಗೆ ಅವಳು ವಾಪಸು ಬಂದಳು. ದೇವರ ಜಗಲಿಯ ಮೇಲಿನ ದಪ್ಪ ವಿಭೂತಿ ಗಟ್ಟಿ ಅವಳ ಮುಷ್ಟಿಯಲ್ಲಿತ್ತು. ಕರಿ ಗೋಡೆಯ ಮೇಲೆ ಅದು ಖಡುವಿಗಿಂತ ಬೆಳ್ಳಗೆ ಮೂಡಿತು:

‘ತಿದ್ದುಪಡಿ: ಶುಕ್ರವಾರ ಸಭೆಯಲ್ಲಿದ್ದವರು 47 ಅಲ್ಲ, 61. ಕೋರಂ ಇತ್ತು. ಕ್ಯಾಮೆರಾ ತೋರಿಸಿದಷ್ಟರಲ್ಲಿ ಕಣ್ಣು ಮುಚ್ಚಿದ್ದವರು 14. ಸರಕಾರದ ಕಡೆ 8, ವಿರೋಧದ ಕಡೆ 6. ತಪ್ಪು ನನ್ನದು. ದಾಕ್ಷಾಯಣಿ.’

ಶಿವಯೋಗೆಪ್ಪ ಒದ್ದೆ ಅರಿವೆ ಹಿಡಿದು ಓಡಿ ಬಂದವನು ಗೋಡೆಯಿಂದ ಒಂದು ಗೇಣು ದೂರದಲ್ಲಿ ಗಕ್ಕನೆ ನಿಂತ. ಅವನ ಹಣೆಯ ಮೇಲಿನ ಮೂರು ಪಟ್ಟಿಯೂ ಅದೇ ವಿಭೂತಿ. ಕೈ ಮುಂದೆ ಹೋಗಲೊಲ್ಲದು.

“ಒರಸ್ರಿ ಸಾವಕಾರ್ರ,” ಎಂದಳು ದಾಕ್ಷಾಯಣಿ.

“ಅಕ್ಕೋರ... ಇದು ಅನ್ಯಾಯ ಆತು. ವಿಭೂತಿಗೆ ಅರಿವಿ ಹಚ್ಚಲೇನು?”

“ಅಪ್ಪಾಸಾಹೇಬಗ ಹೇಳ್ರಿ.”

“ನಾನೂ ದಿನಾ ಹಚ್ಚಾಂವಾ ಅದೇನ್ರಿ,” ಎಂದು ಅಪ್ಪಾಸಾಹೇಬ ಎರಡು ಹೆಜ್ಜೆ ಹಿಂದೆ ಸರಿದ. ಶಿವಯೋಗೆಪ್ಪ ಬೇರೆ ದಾರಿ ಕಾಣದೆ ಒದ್ದೆ ಅರಿವೆಯಿಂದ ತನ್ನ ಕತ್ತು ಒರೆಸಿಕೊಂಡ.

ಬುಧವಾರ ಗ್ರಾಮಸಭೆಗೆ ಜಾತ್ರೆಯಷ್ಟು ಮಂದಿ. ಹದಿನಾಲ್ಕು ಮಂದಿಯ ಸುದ್ದಿ ಹೊಲ ಹೊಲ ತಿರುಗಿತ್ತು. ದಾಕ್ಷಾಯಣಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದು, ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು: ಸಾಲು ತಪ್ಪಾಗಿತ್ತು, ತಪ್ಪು ತನ್ನದು, ಕರಾರಿನ ಪ್ರಕಾರ ಗೋಡೆ ಬಿಡಬೇಕು. ಫಳಾದ ಕಡೆ ನೋಡಲಿಲ್ಲ.

ಸರಪಂಚ ವಿದ್ಯಾವತಿ ಗ್ರಾಮಸೇವಕನ ಕಡೆ ತಿರುಗಿದಳು. “ಭಾವುಸಾಹೇಬ, ಹೆಂಗ ಮಾಡೂದು?”

ಭಾವುಸಾಹೇಬ ಅಂದರೆ ಗ್ರಾಮಸೇವಕ. ನಿಯಮದ ಪುಸ್ತಕವನ್ನೇ ಉಂಡು ಬೆಳೆದ ಮನುಷ್ಯ. ಕನ್ನಡಕ ಒರೆಸಿಕೊಂಡು ಹೇಳಿದ: “ಸಾಲು ತಪ್ಪು ಅಂತ ಬಾಯಿಲೆ ಅಂದ್ರ ಆಗಂಗಿಲ್ರಿ. ಠರಾವ ಆಗಬೇಕು. ಠರಾವದಾಗ ಕಾರಣ ನಮೂದ ಆಗಬೇಕು: ಸನ್ಮಾನ್ಯ ಸದಸ್ಯರ ಪೈಕಿ ಹದಿನಾಲ್ಕು ಮಂದಿ, ಸರಕಾರದ ಎಂಟು, ವಿರೋಧದ ಆರು, ಕಣ್ಣು ಮುಚ್ಚಿಕೊಂಡಿದ್ದ ಕಾರಣದಿಂದ ಎಣಿಕೆಗೆ ಬರಲಿಲ್ಲ ಅಂತ. ಅದಕ್ಕೊಬ್ಬ ಸೂಚಕ ಬೇಕು, ಒಬ್ಬ ಅನುಮೋದಕ ಬೇಕು. ಇಬ್ಬರ ಹೆಸರೂ ಸಹೀನೂ ಬೀಳತಾವ. ಒಂದು ಪ್ರತಿ ತಾಲೂಕಿಗೆ, ಒಂದು ಪ್ರತಿ ಜಿಲ್ಲೆಗೆ ಹೋಗತೈತಿ.”

ಮುಂದಿನ ಸಾಲಿನವರು ಒಬ್ಬೊಬ್ಬರೇ ಹಿಂದಕ್ಕೆ ಸರಿದು ಕೂತರು.

“ಸೂಚಕರು ಯಾರು?” ಎಂದಳು ವಿದ್ಯಾವತಿ. “ಶಿವಯೋಗೆಪ್ಪಣ್ಣ, ಅರ್ಜಿ ನಿಮ್ದು.”

ಶಿವಯೋಗೆಪ್ಪ ಒಮ್ಮೆ ಗೋಡೆ ನೋಡಿದ. ಅಲ್ಲಿ ಅವನ ಚಹಾಪುಡಿಯ ಜಾಹೀರಾತು ಹಬೆಯಾಡಿದಂತೆ ಕಂಡಿರಬೇಕು, ಒಂದು ಗಳಿಗೆ ಮೂಗು ಅರಳಿಸಿದ. ತಮ್ಮ ಪಕ್ಷದ ಎಂಟು ಮಂದಿಯ ನಿದ್ದೆಗೆ ತನ್ನ ಸಹಿ ಬಿದ್ದು ಜಿಲ್ಲೆಗೆ ಹೋಗುವುದೂ ಕಂಡಿರಬೇಕು. “ಅರ್ಜಿ ವಾಪಸ್ ತಗೊಂಡೇನ್ರಿ,” ಎಂದು ಕೂತುಬಿಟ್ಟ.

“ಅಪ್ಪಾಸಾಹೇಬ?”

ಅಪ್ಪಾಸಾಹೇಬ ಚಾವಡಿಯ ಮುಂದಿನ ಬೇವಿನ ಗಿಡದಲ್ಲಿ ಏನೋ ಹುಡುಕುತ್ತಿದ್ದ.

“ನಾನs ಸೂಚಕಿ ಆಗತೇನಿ,” ಎಂದಳು ದಾಕ್ಷಾಯಣಿ. ಮಂದಿ ಹೋ ಎಂದಿತು. ತನ್ನ ಗೋಡೆ ಕಸಿದುಕೊಳ್ಳಿ ಎಂದು ತಾನೇ ಠರಾವು ತಂದವರನ್ನು ಮುಳ್ಳಗಟ್ಟಿ ಈವರೆಗೆ ಕಂಡಿರಲಿಲ್ಲ. ಭಾವುಸಾಹೇಬ ಬರೆದುಕೊಂಡ. “ಅನುಮೋದಕರು?”

ಮಂದಿಯ ನಡುವಿನಿಂದ ಒಂದು ಕೈ ಮೇಲೆದ್ದಿತು. ಬೀರುವಿನದು. “ಅಕ್ಕೋರ ಏನಂತಾರೋ ಅದಕ್ಕ ನಂದು ಹೂಂ—”

ಹೂಂ ಪೂರ್ತಿಯಾಗುವ ಮೊದಲೇ ಇಂದೂಬಾಯಿ ಅವನ ಕೈ ಹಿಡಿದು ಕೆಳಗೆಳೆದು, ಕಂಬಳಿಯೊಳಗೆ ತುರುಕಿ, ಮೇಲೆ ತಾನೇ ಕೂತಂತೆ ಒತ್ತಿ ಹಿಡಿದಳು. “ಇಂವಾ ಏನೂ ಅಂದಿಲ್ರಿ! ನೊಣ ಹೊಡ್ಯಾಕ ಹತ್ತಿದ್ದ!”

“ಅನುಮೋದಕರು ಯಾರೂ ಇಲ್ಲೇನು?” ಭಾವುಸಾಹೇಬ ಮೂರು ಸಲ ಕೇಳಿದ. ಮೂರು ಸಲವೂ ಬೇವಿನ ಗಿಡ ಮಾತ್ರ ತಲೆಯಾಡಿಸಿತು. “ಅನುಮೋದನೆ ಇಲ್ಲದ ಕಾರಣ ಠರಾವು ಬಿತ್ತು. ಸಾಲು ತಪ್ಪು ಅಂತ ತೀರ್ಮಾನ ಆಗಿಲ್ಲ. ಗ್ವಾಡಿ ಇದ್ದಲ್ಲೇ ಇರತೈತಿ.”

“ತೀರ್ಮಾನ ಆಗಲಿ ಬಿಡಲಿ, ತಪ್ಪು ತಪ್ಪs!” ಎಂದು ದಾಕ್ಷಾಯಣಿ ಕೂಗಿದಳು.

“ಕುಂದ್ರಿ ಅಕ್ಕೋರ,” ಎಂದಳು ವಿದ್ಯಾವತಿ. “ಗೆದ್ದೀರಿ, ಸುಮ್ಮ ಕುಂದ್ರಿ.”

ದಾಕ್ಷಾಯಣಿ ಕೂತಳು. ಆಮೇಲೆ ಮೆಲ್ಲಗೆ ತಿರುಗಿ ಫಳಾ ನೋಡಿದಳು, ಎಷ್ಟೋ ಹೊತ್ತು.

ಮರುದಿನ ಮುಂಜಾನೆ ಶಿವಯೋಗೆಪ್ಪ ಕಾಟಾ ಹಿಡಿದು, ‘ಖಾಲಿ’ ಡಬ್ಬಿಯಿಂದ ಎರಡು ಹೊಸ ಖಡು ತೆಗೆದುಕೊಂಡು ಹಾಜರಾದ. ತಿದ್ದುಪಡಿ ಉಳಿಯುವುದೇ ಖರೆಯಾದರೆ ಅದೂ ನಿಯಮದ ಪ್ರಕಾರ ತೂಕಕ್ಕೆ ಬರಬೇಕು ಎಂಬುದು ಅವನ ವಾದ. ವಿಭೂತಿಯನ್ನು ದಾಕ್ಷಾಯಣಿಯೇ ನೀರು ಹಾಕಿ ತೊಳೆದು, ಆ ನೀರನ್ನು ಬೇವಿನ ಬುಡಕ್ಕೆ ಬಿಟ್ಟು, ಅದನ್ನೇ ಖಡುವಿನಿಂದ ಮತ್ತೆ ಬರೆದಳು. ಸರಕಾರದ ಎಂಟು ಮಂದಿಯನ್ನು ಒಂದು ಖಡುವಿನಿಂದ, ವಿರೋಧದ ಆರು ಮಂದಿಯನ್ನು ಇನ್ನೊಂದರಿಂದ. ತೂಗಿದರು. ಸರಕಾರದ ಖಡು ಮುಕ್ಕಾಲು ಗ್ರಾಂ ಹೆಚ್ಚು ಸವೆದಿತ್ತು.

“ನೋಡ್ರಿ, ನಮ್ಮದು ಹೆಚ್ಚಾತು!” ಎಂದು ಶಿವಯೋಗೆಪ್ಪ ಕುಣಿದ. “ಅವರ ಕಡಿ ಸರಿ ಮಾಡ್ರಿ.”

ದಾಕ್ಷಾಯಣಿ ಕೆಳಗೆ ನೋಡಿದಳು. ಪಾದ ಬರಿದಾಗಿತ್ತು, ಚಪ್ಪಲಿ ದೂರದಲ್ಲೇ ಇತ್ತು. ಬಲಗಡೆಯ ಆರರ ಕೆಳಗೆ ಅವಳು ಅಗಲವಾಗಿ, ಅಂಚು ಸಹಿತ, ಎಳೆ ಎಳೆಯಾಗಿ ಒಂದು ಕಂಬಳಿ ಬಿಡಿಸಿದಳು. ತೂಗಿದರು. ಸರಿಸಮ.

“ಅಕ್ಕೋರ, ಗಿಳಿ ಬಿಡಸ್ತಿದ್ರಿ, ಬಳ್ಳಿ ಬಿಡಸ್ತಿದ್ರಿ,” ಎಂದು ಅಪ್ಪಾಸಾಹೇಬ ಗೋಗರೆದ. “ನಮ್ಮ ಕಡಿ ಯಾಕ್ರಿ ಕಂಬಳಿ?”

“ತೂಕ ಕಮ್ಮಿ ಬಿದ್ದಿತ್ತಪ್ಪ. ಮುಂದಿನ ಶುಕ್ರವಾರ ಅವರದು ಕಮ್ಮಿ ಬಿದ್ರ ಅವರಿಗೂ ಹೊಚ್ಚೋಣಂತ.”

ಅಷ್ಟರಲ್ಲಿ ಬೀರು ಹಿಂಡನ್ನು ಚಾವಡಿಯ ಮುಂದೆ ಹಾಯಿಸಿಕೊಂಡು ಬಂದ. ಓದಲು ಬಾರದವನು ಚಿತ್ರ ನೋಡಿ ನಿಂತ, ಹೆಗಲ ಮೇಲಿನ ತನ್ನ ಕಂಬಳಿ ಮುಟ್ಟಿ ನೋಡಿಕೊಂಡ.

“ಇದು ನಮ್ಮದಲ್ರಿ ಅಕ್ಕೋರ? ದಿಲ್ಲೀತನಾ ಮುಟ್ಟೇತೇನು?”

“ಮುಟ್ಟೇತಪ್ಪ,” ಎಂದಳು ದಾಕ್ಷಾಯಣಿ, ಕೈಯ ಪುಡಿ ಝಾಡಿಸುತ್ತ. “ಆರು ಮಂದಿ ಹೊಚಗೊಂಡಾರ.”

ಬೀರು ತಲೆಯಾಡಿಸಿ, ಹಿಂಡು ಹೊಡೆದುಕೊಂಡು ಹೊರಟ. ಬೇವಿನ ನೆರಳಲ್ಲಿ ಒಂದು ಮುದಿ ಕುರಿ ಕುತ್ತಿಗೆ ಚೆಲ್ಲಿ ಮಲಗಿಬಿಟ್ಟಿತ್ತು. ನಾಲ್ಕು ಹೆಜ್ಜೆ ಮುಂದೆ ಹೋದವನು ನಿಂತು, ಹಿಂತಿರುಗಿ, ಅದನ್ನೊಮ್ಮೆ, ಫಳಾವನ್ನೊಮ್ಮೆ ನೋಡಿ, ಬೆರಳು ಮಡಚಿ ಅದನ್ನೂ ಎಣಿಸಿಕೊಂಡ.